ಮನೆ ಉಳಿದರೆ ಸಾಲದು, ಕಸುಬೂ ಉಳಿಯಬೇಕು

ತುಂಗೆ ಉಕ್ಕಿದರೆ ಶಿವಮೊಗ್ಗದಲ್ಲಿ ವಾರಗಟ್ಟಲೆ ದುಡಿಮೆ ಹೋಗುತ್ತದೆ. ಕಾರ್ಖಾನೆ ನಿಂತರೆ ಭದ್ರಾವತಿಯಲ್ಲಿ ಒಂದು ತಲೆಮಾರಿನ ದುಡಿಮೆಯೇ ಹೋಗುತ್ತದೆ. ಎರಡೂ ಊರು ಕೇಳುತ್ತಿರುವ ಪ್ರಶ್ನೆ ಒಂದೇ: ಕೆಲಸ ಕಳೆದುಕೊಂಡವರ ಲೆಕ್ಕ ಯಾರ ಬಳಿ ಇದೆ?

ಮುಂಗಾರು ಬಿರುಸಾದರೆ ಶಿವಮೊಗ್ಗದ ಜನ ಕೋರ್ಪಲಯ್ಯನ ಛತ್ರದ ಕಡೆ ನಡೆಯುತ್ತಾರೆ. ಹೊಳೆಯೊಳಗಿನ ಮಂಟಪ ಮುಳುಗಿತೆಂದರೆ ತುಂಗೆ ತುಂಬಿದಳೆಂದೇ ಅರ್ಥ. ಸೇತುವೆ ಮೇಲೆ ಫೋಟೊ, ದಡದಲ್ಲಿ ಬಾಗಿನ. ಅದೇ ಹೊತ್ತಿಗೆ ಸೀಗೆಹಟ್ಟಿ, ಕುಂಬಾರಗುಂಡಿಯ ತಗ್ಗಿನ ಮನೆಗಳಲ್ಲಿ ಬೇರೆಯೇ ಮಾತು. ಗಾಜನೂರು ಅಣೆಕಟ್ಟೆಯಿಂದ ಎಷ್ಟು ನೀರು ಬಿಟ್ಟರಂತೆ? ಹೊಲಿಗೆ ಯಂತ್ರ ಅಟ್ಟಕ್ಕೇರಿಸೋಣವೇ? ತಳ್ಳುಗಾಡಿ ಎಲ್ಲಿ ಕಟ್ಟೋಣ?

2019ರ ಆಗಸ್ಟ್‌ನಲ್ಲಿ ಯೋಚಿಸುವುದಕ್ಕೂ ಪುರುಸೊತ್ತು ಸಿಗಲಿಲ್ಲ. ಒಂದೆಡೆ ಹೊಳೆ, ಇನ್ನೊಂದೆಡೆ ತುಂಬಿ ಹರಿದ ನಾಲೆ-ರಾಜಕಾಲುವೆಗಳು. ತಗ್ಗು ಬಡಾವಣೆಗಳು ಜಲಾವೃತವಾದವು. ಸರ್ಕಾರ ಸಂತ್ರಸ್ತ ಕುಟುಂಬಕ್ಕೆ ತಕ್ಷಣ 10,000 ರೂಪಾಯಿ, ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಘೋಷಿಸಿತು. ಇದು ಸಣ್ಣ ಮೊತ್ತವೇನಲ್ಲ. ಆದರೆ ಸಮೀಕ್ಷೆಗೆ ಬಂದವರು ನೋಡುವುದು ಗೋಡೆಯನ್ನು. ಗೋಡೆ ನಿಂತಿದ್ದು ಒಳಗಿದ್ದ ಹಿಟ್ಟಿನ ಗಿರಣಿಯ ಮೋಟಾರು ಸುಟ್ಟಿದ್ದರೆ? ಗಿರಾಕಿ ಕೊಟ್ಟುಹೋದ ಬಟ್ಟೆ ಕೆಸರಾಗಿದ್ದರೆ? ಅಂಥ ನಷ್ಟಕ್ಕೆ ನಮೂನೆಯಲ್ಲಿ ಜಾಗ ಕಡಿಮೆ.

ನಿಯಮ ಇದೆ, ಕೈಗೆಟುಕದು

ಹಾಗೆಂದು ನಿಯಮವೇ ಇಲ್ಲವೆಂದಲ್ಲ. ರಾಜ್ಯ ವಿಪತ್ತು ಪರಿಹಾರ ನಿಧಿಯ 2022-26ರ ಮಾರ್ಗಸೂಚಿಯಲ್ಲಿ ಹಾಳಾದ ಉಪಕರಣಕ್ಕೆ 5,000 ರೂಪಾಯಿ, ಕಚ್ಚಾ ಸಾಮಗ್ರಿ ಮತ್ತು ತಯಾರಾದ ಸರಕಿಗೆ 5,000 ರೂಪಾಯಿ ನಿಗದಿಯಾಗಿದೆ. ಆದರೆ ಅದು ಕೈಮಗ್ಗ ಮತ್ತು ಕರಕುಶಲದವರಿಗೆ, ಅದೂ ಅಧಿಕಾರಿಯ ದೃಢೀಕರಣ ಇದ್ದರೆ. ಪಂಕ್ಚರ್ ಅಂಗಡಿಯವನು, ಮೀನು ಮಾರುವವಳು, ಇಸ್ತ್ರಿ ಪೆಟ್ಟಿಗೆಯವನು ಈ ಸಾಲಿಗೆ ಬರುವುದು ಕಷ್ಟ. ಜೀವನಾಧಾರಕ್ಕೇ ಪೆಟ್ಟು ಬಿದ್ದ ಕುಟುಂಬದ ಇಬ್ಬರು ವಯಸ್ಕರಿಗೆ ಉದ್ಯೋಗ ಖಾತರಿ ಕೂಲಿಯ ದರದಲ್ಲಿ ಕೆಲವು ದಿನ ನೆರವು ನೀಡುವ ಅವಕಾಶವೂ ಅದೇ ಮಾರ್ಗಸೂಚಿಯಲ್ಲಿದೆ. ಯಾರ ದುಡಿಮೆಗೆ ಎಷ್ಟು ಪೆಟ್ಟು ಬಿತ್ತೆಂದು ಹೇಳಬೇಕಾದರೆ ಮೊದಲು ಯಾರು ಏನು ದುಡಿಯುತ್ತಿದ್ದರೆಂದು ಗೊತ್ತಿರಬೇಕು. ನೆರೆ ಬಂದ ಮೇಲೆ ಆ ಪಟ್ಟಿ ಮಾಡಲು ಹೊರಟರೆ ಸಾಕ್ಷಿಯೆಲ್ಲ ನೀರುಪಾಲಾಗಿರುತ್ತದೆ.

ಭದ್ರಾವತಿಯ ನಿಧಾನ ನೆರೆ

ಭದ್ರಾವತಿಗೂ ಹೊಳೆಯ ಕಾಟ ತಪ್ಪಿದ್ದಲ್ಲ. ಲಕ್ಕವಳ್ಳಿಯ ಜಲಾಶಯದಿಂದ ಹೆಚ್ಚು ನೀರು ಬಿಟ್ಟರೆ ಪೇಟೆಯ ಹೊಸ ಸೇತುವೆ ಮುಳುಗುತ್ತದೆ, ಕವಲಗುಂದಿಯ ಜನ ಗಂಟುಮೂಟೆ ಕಟ್ಟುತ್ತಾರೆ. ಆದರೆ ಈ ಊರನ್ನು ನಿಜವಾಗಿ ಮುಳುಗಿಸಿದ್ದು ಹೊಳೆಯಲ್ಲ.

ಸರ್ ಎಂ. ವಿಶ್ವೇಶ್ವರಯ್ಯನವರ ಮುತುವರ್ಜಿಯಿಂದ ಹುಟ್ಟಿದ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಶುರು ಮಾಡಿದ್ದು 1923ರಲ್ಲಿ. ಅದನ್ನು ಮುಚ್ಚುವ ತೀರ್ಮಾನ ಹೊರಬಿದ್ದದ್ದು 2023ರ ಜನವರಿಯಲ್ಲಿ, ಶತಮಾನದ ಹೊಸ್ತಿಲಲ್ಲೇ. ಗುತ್ತಿಗೆ ಕಾರ್ಮಿಕರು ಕಾರ್ಖಾನೆಯ ಮುಂದೆ ಧರಣಿ ಕೂತರು. ಅದೇ ವರ್ಷ ರೋಲಿಂಗ್ ಕೆಲಸ ಮತ್ತೆ ಶುರುವಾಯಿತು, ಆತಂಕ ಮಾತ್ರ ಹೋಗಲಿಲ್ಲ. 1936ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಸ್ಥಾಪನೆಯಾದ ಮೈಸೂರು ಪೇಪರ್ ಮಿಲ್ಸ್ (ಎಂಪಿಎಂ) 2015ರಲ್ಲಿ ನಿಂತಿತು. ಕಾಗದದ ಜೊತೆಗೆ ಸಕ್ಕರೆಯೂ ಅಲ್ಲೇ ತಯಾರಾಗುತ್ತಿತ್ತು. ಹಾಗಾಗಿ ಗೇಟಿನೊಳಗಿನ ನೌಕರರಷ್ಟೇ ಅಲ್ಲ, ಕಬ್ಬು ಬೆಳೆದವರು, ಲಾರಿಯವರು, ಕ್ಯಾಂಟೀನಿನವರು, ಪಾಳಿ ಬಿಡುವ ಹೊತ್ತಿಗೆ ಸೊಪ್ಪು ಮಾರುತ್ತಿದ್ದವರೂ ಕೈಚೆಲ್ಲಿದರು.

ಕಾಯಂ ನೌಕರನಿಗೆ ಉಪದಾನವೋ ಸ್ವಯಂ ನಿವೃತ್ತಿಯ ಹಣವೋ ಸಿಕ್ಕೀತು. ಗುತ್ತಿಗೆಯವನಿಗೆ ಗುತ್ತಿಗೆ ಮುಗಿದಲ್ಲಿಗೆ ಎಲ್ಲವೂ ಮುಗಿಯಿತು. ಸೊಪ್ಪಿನವಳಿಗೆ ಗುತ್ತಿಗೆಯೂ ಇರಲಿಲ್ಲ. ಜಲಾಶಯದ ಗೇಟು ತೆರೆಯುವ ಮುನ್ನ ನದಿಪಾತ್ರದ ಜನರಿಗೆ ಎಚ್ಚರಿಕೆ ಕೊಡುತ್ತಾರೆ. ಕಾರ್ಖಾನೆಯ ಗೇಟು ಮುಚ್ಚುವ ಮುನ್ನ ಅದನ್ನು ನಂಬಿದ ಊರಿಗೆಲ್ಲ ಅಂಥ ಎಚ್ಚರಿಕೆ ಸಿಗುವುದಿಲ್ಲ. ಹಳೆಯದಾಗುತ್ತಿದ್ದ ಯಂತ್ರ, ಅದಿರಿನ ಕೊರತೆ, ನಷ್ಟದ ಲೆಕ್ಕಪತ್ರಗಳು ವರ್ಷಗಳಿಂದ ಸೂಚನೆ ಕೊಡುತ್ತಲೇ ಇದ್ದವು. ಊರಿನ ಮುಂದಿನ ದುಡಿಮೆ ಏನೆಂದು ಆಗಲೇ ಯೋಚಿಸಬಹುದಿತ್ತು.

ಹುಣಸೋಡಿನ ಪಾಠ

ಲೆಕ್ಕಕ್ಕೆ ಸಿಗದ ದುಡಿಮೆಯ ಕಥೆ ಕಲ್ಲು ಕ್ವಾರಿಯಲ್ಲೂ ಇದೇ. 2021ರ ಜನವರಿ 21ರ ರಾತ್ರಿ ಶಿವಮೊಗ್ಗದ ಹೊರವಲಯದ ಹುಣಸೋಡಿನ ಕಲ್ಲು ಕ್ರಷರ್ ಬಳಿ ಸ್ಫೋಟಕ ಸಿಡಿದು ಆರು ಮಂದಿ ಸತ್ತರು. ನೆರೆ ಜಿಲ್ಲೆಗಳವರೂ ಭೂಕಂಪವೆಂದು ಬೆಚ್ಚಿದ್ದರು. ಕೆಲಸದಲ್ಲಿ ಸತ್ತವರ ಕುಟುಂಬಕ್ಕೆ ಪರಿಹಾರ ಕೊಡಿಸುವ ಕಾಯ್ದೆ 1923ರಲ್ಲೇ ಬಂದಿತ್ತು. ಆದರೆ ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದವನು ಅಲ್ಲಿ ದುಡಿಯುತ್ತಿದ್ದನೆಂದು ಸಾಬೀತು ಮಾಡುವ ಹೊರೆ ಮನೆಯವರ ಹೆಗಲಿಗೇ ಬೀಳುತ್ತದೆ. ಹೊಳೆಯಾಗಲಿ, ಕಾರ್ಖಾನೆಯಾಗಲಿ, ಕ್ವಾರಿಯಾಗಲಿ, ದಾಖಲೆಯಿಲ್ಲದ ದುಡಿಮೆಗೆ ಪರಿಹಾರವೂ ಇಲ್ಲ.

ಮಳೆಗೆ ಮುಂಚೆ ಆಗಬೇಕಾದ್ದು

ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2017ರಲ್ಲಿ ಅಂಗೀಕರಿಸಿದ 205ನೇ ಶಿಫಾರಸಿನ ಸಾರವೂ ಇದೇ: ವಿಪತ್ತಿನ ಸಿದ್ಧತೆಯಲ್ಲೂ ಚೇತರಿಕೆಯಲ್ಲೂ ಉದ್ಯೋಗ ನಡುಮಧ್ಯದಲ್ಲಿರಬೇಕು. ಅದಕ್ಕಾಗಿ ಆ ಸಂಘಟನೆಯ ಕೇಂದ್ರ ಕಚೇರಿಯಿರುವ ಜಿನೀವಾದತ್ತ ನೋಡಬೇಕಿಲ್ಲ, ವಾರ್ಡ್ ಮಟ್ಟದಲ್ಲೇ ಮಾಡಬಹುದು.

ಏಪ್ರಿಲ್, ಮೇ ತಿಂಗಳಲ್ಲೇ ತಗ್ಗು ಬಡಾವಣೆಗಳ ಕಸುಬಿನ ಪಟ್ಟಿಯಾಗಲಿ: ಯಾರ ಬಳಿ ಯಾವ ಯಂತ್ರ, ಎಷ್ಟು ಸರಕು, ಒಂದು ಫೋಟೊ. ಸಮುದಾಯ ಭವನದಲ್ಲಿ ಜನರಿಗೆ ಕಾಳಜಿ ಕೇಂದ್ರ ತೆರೆಯುವಾಗ ಯಂತ್ರ, ಗಾಡಿಗಳಿಗೂ ಎತ್ತರದ ಜಾಗ ಗುರುತಾಗಲಿ. ಬೀದಿ ವ್ಯಾಪಾರಿಗಳ ಗುರುತಿನ ಚೀಟಿ, ಇ-ಶ್ರಮ್ ನೋಂದಣಿ ಬಾಕಿ ಉಳಿಯದಿರಲಿ. ನೀರಿಳಿದ ಮೇಲೆ ಹೂಳೆತ್ತುವ, ಚರಂಡಿ ತೆಗೆಯುವ ಕೂಲಿ ಕೆಲಸ ಆ ಬಡಾವಣೆಯವರಿಗೇ ಮೊದಲು ಸಿಗಲಿ. ಭದ್ರಾವತಿಯ ಕುಲುಮೆ, ಲೇತ್‌ಗಳಲ್ಲಿ ಪಳಗಿದ ಕೈಗಳಿಗೆ ಮಾಚೇನಹಳ್ಳಿಯ ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಕೊಡಿಸುವ ಜವಾಬ್ದಾರಿಯನ್ನು ಜಿಲ್ಲಾಡಳಿತ ಹೊರಲಿ.

ಇದಕ್ಕೆ ಹೊಸ ಕಾನೂನು ಬೇಡ, ಕೋಟಿಗಟ್ಟಲೆ ಹಣವೂ ಬೇಡ. ನಿಮ್ಮ ವಾರ್ಡಿನ ಮುಂದಿನ ಸಭೆಗೆ ಹೋಗಿ ಒಂದೇ ಪ್ರಶ್ನೆ ಕೇಳಿ: ನಮ್ಮ ಬೀದಿಯ ಕಸುಬಿನ ಪಟ್ಟಿ ಎಲ್ಲಿದೆ? ಉತ್ತರ ಸಿಗುವವರೆಗೂ ಕೇಳುತ್ತಿರಿ.