ಹತ್ತು ರೂಪಾಯಿಯ ಕ್ಲಿಪ್ಪು ಗೋದಾಮಿಗೆ ಬರುವಷ್ಟರಲ್ಲಿ

ಬೆಂಗಳೂರಿನ ಮಾಮೂಲ್‌ಪೇಟೆಯ ಫ್ಯಾನ್ಸಿ ಅಂಗಡಿಗಳಲ್ಲಿ ಗೊಂಚಲು ಗೊಂಚಲಾಗಿ ನೇತಾಡುವ ಕೂದಲ ಕ್ಲಿಪ್ಪುಗಳಲ್ಲಿ ಚೀನಾದ ಯಿವು ಊರಿನ ಮಾಲೂ ಇರುತ್ತದೆ. ಝೆಜಿಯಾಂಗ್ ಪ್ರಾಂತ್ಯದ ಆ ಊರಿನ ಸಗಟು ಮಾರುಕಟ್ಟೆಯಲ್ಲಿ ಸುಮಾರು 75 ಸಾವಿರ ಮಳಿಗೆಗಳಿವೆ. ಅಲ್ಲಿನ ದರವನ್ನು ಫೋನಿನಲ್ಲಿ ನೋಡಿದವರಿಗೆಲ್ಲ ‘ನಾನೇ ನೇರ ತರಿಸಿದರೆ ಹೇಗೆ?’ ಅನ್ನಿಸುವುದು ಸಹಜ. ಧಾರಾಳವಾಗಿ ತರಿಸಬಹುದು. ಆದರೆ ಒಂದು ಕ್ಲಿಪ್ಪು ನಿಮ್ಮ ಗೋದಾಮು ಮುಟ್ಟುವಾಗ ಎಷ್ಟು ಬೀಳುತ್ತದೆ ಅನ್ನುವ ಲೆಕ್ಕ ಅಡ್ವಾನ್ಸ್ ಕಳಿಸುವ ಮುಂಚೆಯೇ ಕಾಗದದ ಮೇಲಿರಬೇಕು.

ನೋಂದಣಿಯ ಕೆಲಸ ಜನ ಹೆದರುವಷ್ಟಿಲ್ಲ. ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ (ಡಿಜಿಎಫ್‌ಟಿ) ಜಾಲತಾಣದಲ್ಲಿ 500 ರೂಪಾಯಿ ಕಟ್ಟಿದರೆ ಆಮದು-ರಫ್ತುದಾರರ ಸಂಕೇತ (ಐಇಸಿ) ಸಿಗುತ್ತದೆ. ನಿಮ್ಮ ಪ್ಯಾನ್ ಸಂಖ್ಯೆಯೇ ಐಇಸಿ ಸಂಖ್ಯೆ. ಏನೂ ಬದಲಾಗದಿದ್ದರೂ ಪ್ರತಿವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ಅದನ್ನು ಅಪ್‌ಡೇಟ್ ಮಾಡಬೇಕು. ಮರೆತರೆ ನಿಷ್ಕ್ರಿಯವಾಗುತ್ತದೆ, ಅದೂ ಮಾಲು ಬಂದರಿನಲ್ಲಿ ಕೂತಾಗ ಗೊತ್ತಾಗುತ್ತದೆ. ಜೊತೆಗೆ ಜಿಎಸ್‌ಟಿ ನೋಂದಣಿ, ಒಂದು ಚಾಲ್ತಿ ಖಾತೆ.

ನಿಜವಾದ ತಲೆನೋವು ಎಚ್‌ಎಸ್ ಕೋಡ್. ಪ್ರತಿ ವಸ್ತುವಿಗೂ ನಮ್ಮಲ್ಲಿ ಎಂಟು ಅಂಕಿಯ ಕೋಡ್ ಇದೆ. ಮೊದಲ ಆರು ಅಂಕಿ ಜಗತ್ತಿಗೆಲ್ಲ ಒಂದೇ. ಸುಂಕ ಎಷ್ಟು, ಪರವಾನಗಿ ಬೇಕೇ, ಭಾರತೀಯ ಮಾನಕ ಬ್ಯೂರೊದ (ಬಿಐಎಸ್) ಗುರುತು ಕಡ್ಡಾಯವೇ ಎಂಬುದನ್ನೆಲ್ಲ ಆ ಕೋಡೇ ತೀರ್ಮಾನಿಸುತ್ತದೆ. ಕ್ಲಿಪ್ಪು ಕ್ಲಿಪ್ಪಾಗಿಯೇ ಬಂದರೆ ಸರಿ. ಅದೇ ಪೊಟ್ಟಣಕ್ಕೆ ಚೆಂದಕ್ಕೆಂದು ಒಂದು ಪುಟ್ಟ ಗೊಂಬೆ ಸೇರಿಸಿದಿರೋ, ಕಸ್ಟಮ್ಸ್ ಅಧಿಕಾರಿ ಅದನ್ನು ಆಟಿಕೆ ಎನ್ನಬಹುದು. ಆಟಿಕೆಗೆ 2021ರ ಜನವರಿಯಿಂದ ಬಿಐಎಸ್ ಗುರುತು ಕಡ್ಡಾಯ. 2020ರ ಬಜೆಟ್‌ನಲ್ಲಿ ಆಟಿಕೆಯ ಸುಂಕ ಶೇ 20ರಿಂದ ಒಂದೇ ನೆಗೆತಕ್ಕೆ ಶೇ 60 ಆಗಿದ್ದನ್ನು ಆ ವ್ಯಾಪಾರದವರು ಇನ್ನೂ ಮರೆತಿಲ್ಲ. ಹೆಸರಾಂತ ಕಾರ್ಟೂನ್ ಮುಖವಿರುವ ಕ್ಲಿಪ್ಪು ಇನ್ನೊಂದು ಬಲೆ: ಟ್ರೇಡ್‌ಮಾರ್ಕ್ ನಕಲು ಎಂದು ಕಸ್ಟಮ್ಸ್ ತಡೆಹಿಡಿಯಬಹುದು. ಹಾಗಾಗಿ ಮಾಲಿನ ಫೋಟೊ ತೋರಿಸಿ ಕಸ್ಟಮ್ಸ್ ಬ್ರೋಕರ್ ಹತ್ತಿರ ಮೊದಲೇ ಕೋಡ್ ಕೇಳಿಕೊಳ್ಳಿ. ‘ಬರಲಿ ಬಿಡಿ ಸಾರ್, ಆಮೇಲೆ ನೋಡೋಣ’ ಅನ್ನುವ ಬ್ರೋಕರ್ ಸಿಕ್ಕರೆ ಬೇರೆಯವರನ್ನು ಹುಡುಕಿ.

ಈಗ ಲೆಕ್ಕ. ಹತ್ತು ಸಾವಿರ ಕ್ಲಿಪ್ಪು. ಮಾಲಿನ ಬೆಲೆ, ಹಡಗಿನ ಬಾಡಿಗೆ, ವಿಮೆ ಸೇರಿ ಒಂದು ಲಕ್ಷ ರೂಪಾಯಿ ಎಂದಿಟ್ಟುಕೊಳ್ಳಿ. ತಲಾ ಹತ್ತು ರೂಪಾಯಿ. ಲೆಕ್ಕದ ಅನುಕೂಲಕ್ಕೆ ಮೂಲ ಸುಂಕ ಶೇ 20, ಐಜಿಎಸ್‌ಟಿ ಶೇ 18 ಎಂದು ಹಿಡಿಯೋಣ (ನಿಮ್ಮ ವಸ್ತುವಿನ ದರ ಬೇರೆ ಇರಬಹುದು, ಕೂಡುವ ಕ್ರಮ ಇದೇ). ಮೂಲ ಸುಂಕ 20,000. ಅದರ ಮೇಲೆ ಶೇ 10 ಸಮಾಜ ಕಲ್ಯಾಣ ಸರ್‌ಚಾರ್ಜ್, 2,000. ಒಟ್ಟು 1,22,000ಕ್ಕೆ ಐಜಿಎಸ್‌ಟಿ 21,960. ಈ ಐಜಿಎಸ್‌ಟಿ ಮುಂದೆ ಇನ್‌ಪುಟ್ ಕ್ರೆಡಿಟ್ ಆಗಿ ಸಿಗುತ್ತದೆ, ಆದರೆ ಮಾಲು ಮಾರುವವರೆಗೆ ಆ ದುಡ್ಡು ನಿಮ್ಮ ಕೈಯಲ್ಲಿರುವುದಿಲ್ಲ. ಜಿಎಸ್‌ಟಿಯ ಕಾಂಪೊಸಿಷನ್ ಯೋಜನೆಯಲ್ಲಿದ್ದರೆ ಸಿಗುವುದೇ ಇಲ್ಲ. ಬಂದರಿನ ಶುಲ್ಕ, ಬ್ರೋಕರ್, ಲಾರಿಗೆ 30,000 ಹಿಡಿದರೆ, ಐಜಿಎಸ್‌ಟಿ ಬಿಟ್ಟೇ, ಹತ್ತು ರೂಪಾಯಿಯ ಕ್ಲಿಪ್ಪು 15 ರೂಪಾಯಿ 20 ಪೈಸೆಗೆ ಬಿತ್ತು.

ಆ 30,000ದ ಬಗ್ಗೆ ಒಂದು ಮಾತು. ಇಷ್ಟು ಮಾಲಿಗೆ ಪೂರ್ತಿ ಕಂಟೇನರ್ ಬೇಕಿಲ್ಲ. ಹಂಚಿಕೊಂಡು ತರುವ ಎಲ್‌ಸಿಎಲ್ ಸಾಕು. 60, 50, 40 ಸೆಂಟಿಮೀಟರಿನ ಒಂದು ಡಬ್ಬ ಅಂದರೆ 0.12 ಘನ ಮೀಟರ್, ಎಂಟು ಡಬ್ಬಕ್ಕೆ ಸುಮಾರು ಒಂದು ಘನ ಮೀಟರ್ (ಸಿಬಿಎಂ). ಚೀನಾದಿಂದ ಬರುವ ಎಲ್‌ಸಿಎಲ್‌ಗೆ ಬಾಡಿಗೆ ಕೆಲವೊಮ್ಮೆ ಸೊನ್ನೆ ಎಂದೇ ಹೇಳುತ್ತಾರೆ. ಹಿಗ್ಗಬೇಡಿ, ಅದನ್ನು ಇಲ್ಲಿನ ‘ಡೆಸ್ಟಿನೇಷನ್ ಚಾರ್ಜ್’ನಲ್ಲಿ ವಸೂಲು ಮಾಡುತ್ತಾರೆ. ಎರಡೂ ಕಡೆಯ ಖರ್ಚನ್ನು ಬರವಣಿಗೆಯಲ್ಲೇ ಕೇಳಿ. ವಿಮಾನದಲ್ಲಿ ಕೊರಿಯರ್ ಮಾಡಿಸಿದರೆ ಉದ್ದ, ಅಗಲ, ಎತ್ತರ ಗುಣಿಸಿ 5000ದಿಂದ ಭಾಗಿಸುತ್ತಾರೆ, ಹನ್ನೆರಡು ಕೆ.ಜಿ.ಯ ಅದೇ ಡಬ್ಬಕ್ಕೆ 24 ಕೆ.ಜಿ. ಬಿಲ್ಲು. ಹಗುರ ಮಾಲಿನಲ್ಲಿ ನೀವು ಗಾಳಿಗೂ ಬಾಡಿಗೆ ಕಟ್ಟುತ್ತೀರಿ.

ಕೆ.ಜಿ.ಗಿಷ್ಟು ಎಂದು ಮನೆ ಬಾಗಿಲಿಗೇ ತಂದುಕೊಡುವ ಏಜೆಂಟರೂ ಇದ್ದಾರೆ. ಅಗ್ಗ ಕಾಣುತ್ತದೆ. ಆದರೆ ನಿಮ್ಮ ಹೆಸರಿನಲ್ಲಿ ಬಿಲ್ ಆಫ್ ಎಂಟ್ರಿ (ಕಸ್ಟಮ್ಸ್‌ಗೆ ಸಲ್ಲಿಸುವ ಆಮದು ಘೋಷಣೆ) ಇಲ್ಲದಿದ್ದರೆ ಕ್ರೆಡಿಟ್ಟೂ ಇಲ್ಲ, ಯಾರಾದರೂ ಬಂದು ಕೇಳಿದರೆ ತೋರಿಸಲು ಕಾಗದವೂ ಇಲ್ಲ. ನಾನಂತೂ ಆ ದಾರಿ ಹೇಳುವುದಿಲ್ಲ.

ಹಣ ಸಾಮಾನ್ಯವಾಗಿ ಶೇ 30 ಅಡ್ವಾನ್ಸ್, ಮಾಲು ಹೊರಡುವ ಮುಂಚೆ ಶೇ 70. ಬಾಕಿ ಕಟ್ಟುವ ಮೊದಲು ಡಬ್ಬ ತೆರೆದ ವಿಡಿಯೊ ತರಿಸಿಕೊಳ್ಳಿ. ನಡುವೆ ‘ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ’ ಎಂಬ ಇಮೇಲ್ ಬಂದರೆ ಫೋನ್ ಮಾಡಿ ದನಿ ಕೇಳದೆ ಒಂದು ರೂಪಾಯಿಯೂ ಕಳಿಸಬೇಡಿ. ಇಂಥ ವಂಚನೆ ಹಳೆಯದು, ಇನ್ನೂ ನಡೆಯುತ್ತಿದೆ. ಪೊಟ್ಟಣದ ಮೇಲೆ ಆಮದುದಾರರ ಹೆಸರು, ವಿಳಾಸ, ಎಂಆರ್‌ಪಿ, ತಯಾರಾದ ದೇಶ ಇತ್ಯಾದಿ ಇರಲೇಬೇಕು. ಆ ವಿವರಗಳ ಚೀಟಿಯನ್ನು ಅಲ್ಲಿನ ಕಾರ್ಖಾನೆಯಲ್ಲೇ ಅಂಟಿಸಲು ಹೇಳಿ; ಇಲ್ಲಿ ಕೂತು ಹತ್ತು ಸಾವಿರ ಚೀಟಿ ಅಂಟಿಸುವ ಕೂಲಿ ಲಾಭವನ್ನೇ ನುಂಗೀತು.

ಹಡಗು ಚೆನ್ನೈಗೆ ಬರುತ್ತದೆ. ಬೇಕಿದ್ದರೆ ಕಂಟೇನರು ರೈಲಿನಲ್ಲಿ ವೈಟ್‌ಫೀಲ್ಡ್‌ನ ಒಳನಾಡು ಡಿಪೋವರೆಗೂ ಬರುತ್ತದೆ. ಇನ್‌ವಾಯ್ಸ್, ಪ್ಯಾಕಿಂಗ್ ಲಿಸ್ಟ್, ಬಿಲ್ ಆಫ್ ಲೇಡಿಂಗ್ ಮೂರರಲ್ಲೂ ಡಬ್ಬಗಳ ಸಂಖ್ಯೆ ಒಂದೇ ಇರಲಿ. ಬಿಲ್ ಆಫ್ ಎಂಟ್ರಿ ತಡವಾದರೆ ಮೊದಲ ಮೂರು ದಿನ ದಿನಕ್ಕೆ 5,000, ಆಮೇಲೆ ದಿನಕ್ಕೆ 10,000 ರೂಪಾಯಿ ದಂಡ. ಎಂಟು ಡಬ್ಬದ ವ್ಯಾಪಾರ ಮುಳುಗಲು ಒಂದು ವಾರದ ತಡವೇ ಸಾಕು. ಆರ್ಡರ್ ಹಾಕುವ ಸಮಯವನ್ನೂ ನೋಡಿಕೊಳ್ಳಿ. ಚೀನೀ ಹೊಸವರ್ಷಕ್ಕೆ, ಅಂದರೆ ಜನವರಿ ಕೊನೆ ಅಥವಾ ಫೆಬ್ರುವರಿಯಲ್ಲಿ, ಅಲ್ಲಿನ ಕಾರ್ಖಾನೆಗಳು ವಾರಗಟ್ಟಲೆ ಮುಚ್ಚಿರುತ್ತವೆ. ಯುಗಾದಿಗೆ ಮಾರುವ ಮಾಲಿಗೆ ದೀಪಾವಳಿ ಮುಗಿಯುತ್ತಿದ್ದಂತೆ ಆರ್ಡರ್ ಹೋಗಿರಬೇಕು.