ವಯಸ್ಸನ್ನು ಕೇಳಿಸಿಕೊಂಡ ಕಿವಿಗಳು

1765ರ ಜೂನ್ ತಿಂಗಳು. ಲಂಡನ್ನಿನಲ್ಲಿ ಬಾಡಿಗೆಗಿದ್ದ ಒಂದು ಸಂಗೀತಗಾರ ಕುಟುಂಬವನ್ನು ನೋಡಲು ಡೇನ್ಸ್ ಬ್ಯಾರಿಂಗ್ಟನ್ ಎಂಬ ವಕೀಲರು ಬಂದರು. ಅವರ ಕೈಯಲ್ಲಿ ಒಂದು ಹಸ್ತಪ್ರತಿಯಿತ್ತು. ಇಬ್ಬರು ಗಾಯಕರಿಗೆ, ಎರಡು ಪಿಟೀಲುಗಳಿಗೆ ಮತ್ತು ಒಂದು ಮಂದ್ರ ವಾದ್ಯಕ್ಕೆಂದು ಬರೆದ ರಚನೆ ಅದು. ಐದು ಸಾಲುಗಳನ್ನೂ ಒಮ್ಮೆಗೇ ಓದಬೇಕು. ಆ ಮನೆಯ ಹುಡುಗ ಅದನ್ನು ಹಿಂದೆಂದೂ ಕಂಡಿರಲಿಲ್ಲ.

ಹುಡುಗ ಹಾರ್ಪ್ಸಿಕಾರ್ಡ್ ಮುಂದೆ ಕೂತು, ತಾನೊಂದು ದನಿಯನ್ನು ಹಾಡುತ್ತ, ಉಳಿದದ್ದನ್ನು ತಡವರಿಸದೆ ನುಡಿಸಿದ. ಇನ್ನೊಂದು ದನಿ ಹಾಡುತ್ತಿದ್ದ ತಂದೆ ಒಂದೆರಡು ಕಡೆ ತಪ್ಪಿದಾಗ ಮಗ ಹಿಂದಿರುಗಿ ಸಿಟ್ಟಿನಿಂದ ನೋಡಿದ. ಬಳಿಕ ಬ್ಯಾರಿಂಗ್ಟನ್ ಒಂದು ಪ್ರೇಮಗೀತೆ, ಒಂದು ಕೋಪದ ಹಾಡು ಕೇಳಿದರು. ಎರಡನ್ನೂ ಅಲ್ಲೇ ಕಟ್ಟಿದ ಹುಡುಗ, ಕೋಪದ ಹಾಡಿನಲ್ಲಿ ಮೈಮೇಲೆ ಬಂದವನಂತೆ ಕುರ್ಚಿಯಿಂದೆದ್ದು ವಾದ್ಯವನ್ನು ಬಡಿದ. ಅಷ್ಟರಲ್ಲಿ ಅವನ ಮೆಚ್ಚಿನ ಬೆಕ್ಕು ಒಳಗೆ ಬಂತು. ಹುಡುಗ ವಾದ್ಯ ಬಿಟ್ಟು ಅದರ ಹಿಂದೆ ಹೋದವನು ಬಹಳ ಹೊತ್ತು ತಿರುಗಿ ಬರಲಿಲ್ಲ. ಕೆಲವೊಮ್ಮೆ ಕಾಲಸಂದಿಗೆ ಕೋಲು ಸಿಕ್ಕಿಸಿ, ಕುದುರೆಯೆಂದು ಕೋಣೆಯ ತುಂಬ ಓಡುತ್ತಿದ್ದ.

ಈ ಹುಡುಗನೇ ವೋಲ್ಫ್‌ಗಾಂಗ್ ಮೊಜಾರ್ಟ್. ಇಷ್ಟೆಲ್ಲ ಕಂಡರೂ ಬ್ಯಾರಿಂಗ್ಟನ್‌ಗೆ ಸಮಾಧಾನವಾಗಲಿಲ್ಲ. ವಕೀಲರಲ್ಲವೇ, ದಾಖಲೆ ಬೇಕಿತ್ತು. ತಂದೆ ವಯಸ್ಸು ಮುಚ್ಚಿಡುತ್ತಿರಬಹುದೆಂಬ ಗುಮಾನಿಯಿಂದ ಸಾಲ್ಜ್‌ಬರ್ಗ್‌ನಿಂದ ಜನನದ ದಾಖಲೆ ತರಿಸಿಕೊಂಡರು. ಆಮೇಲೆಯೇ ಅವರ ವರದಿ 1770ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಬಂತು. ಇದೇ ಮಹಾಶಯರು ಹಕ್ಕಿಗಳ ಹಾಡಿನ ಮೇಲೆ ಬರೆದ ಪ್ರಬಂಧ ಅದೇ ಸೊಸೈಟಿಯ ಪತ್ರಿಕೆಯಲ್ಲಿ 1773ರಲ್ಲಿ ಪ್ರಕಟವಾಯಿತು.

ಗುಮಾನಿ ಪೂರ್ತಿ ಸುಳ್ಳೂ ಆಗಿರಲಿಲ್ಲ. ಮೊಜಾರ್ಟ್ ಹುಟ್ಟಿದ್ದು 1756ರ ಜನವರಿ 27ರಂದು. ಲಂಡನ್ನಿನ ಜಾಹೀರಾತುಗಳಲ್ಲಿ ತಂದೆ ಲಿಯೋಪೋಲ್ಡ್ ಅವನ ವಯಸ್ಸನ್ನು ಒಂದು ವರ್ಷ ಇಳಿಸಿಯೇ ಹಾಕಿಸಿದ್ದರು. ಜನ ದುಡ್ಡು ಕೊಡುವುದು ಯಾವುದಕ್ಕೆಂದು ಅವರಿಗೆ ಗೊತ್ತಿತ್ತು. 1764ರ ಜೂನ್‌ನಲ್ಲಿ ಕಛೇರಿಯ ಟಿಕೆಟ್ಟಿಗೆ ಅರ್ಧ ಗಿನಿ, ಎಂದರೆ ಹತ್ತೂವರೆ ಷಿಲಿಂಗ್. ಮರುವರ್ಷದ ಜುಲೈಯಲ್ಲಿ ಹುಡುಗ ಮತ್ತು ಅವನ ಅಕ್ಕ ಒಂದು ಪಾನಗೃಹದ ಕೋಣೆಯಲ್ಲಿ ದಿನವೂ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ನುಡಿಸುತ್ತಿದ್ದರು. ಕೀಲಿಮಣೆಯ ಮೇಲೆ ಬಟ್ಟೆ ಹೊದಿಸಿ ನುಡಿಸುವುದೂ ಸೇರಿ ತಲೆಗೆ ಎರಡೂವರೆ ಷಿಲಿಂಗ್. ಸಂಗೀತ ಕೆಟ್ಟಿರಲಿಲ್ಲ; ಅಚ್ಚರಿ ಹಳತಾಗಿತ್ತು.

1768ರಲ್ಲಿ ವಿಯೆನ್ನಾದಲ್ಲಿ ಅಚ್ಚರಿ ಹಗೆತನಕ್ಕೇ ತಿರುಗಿತು. ಹನ್ನೆರಡರ ಹುಡುಗ ಒಂದು ಆಪೆರಾ ಬರೆದಿದ್ದ. ಅದು ಅವನದಲ್ಲ, ಅಪ್ಪನದು ಎಂದು ಪುಕಾರು ಹಬ್ಬಿತು. ಲಿಯೋಪೋಲ್ಡ್ ಕವಿ ಮೆಟಸ್ಟಾಸಿಯೋನ ಪುಸ್ತಕವನ್ನು ಹಿರಿಯ ಸಂಗೀತಗಾರರ ಎದುರಿಗೆ ತೆರೆಸಿ, ಕಣ್ಣಿಗೆ ಬಿದ್ದ ಪದ್ಯಕ್ಕೆ ಮಗನಿಂದ ಅಲ್ಲೇ ಸಂಗೀತ ಬರೆಸಿದರು. ಚಕ್ರವರ್ತಿಗೆ ದೂರನ್ನೂ ಕೊಟ್ಟರು. ಆದರೂ ಆಪೆರಾ ವಿಯೆನ್ನಾದ ರಂಗಕ್ಕೆ ಏರಲಿಲ್ಲ.

ಅಷ್ಟಕ್ಕೂ ಆ ಎಳೆಯ ಸಂಗೀತ ಹೇಗಿತ್ತು? 1764ರಲ್ಲಿ ಎಂಟು ವರ್ಷದವನಿದ್ದಾಗ ಬರೆದ ಮೊದಲ ಸಿಂಫನಿ ಇಂದಿಗೂ ಕೇಳಲು ಸಿಗುತ್ತದೆ. ಮೂರು ಭಾಗಗಳು, ಪಿಟೀಲು ವರ್ಗದ ವಾದ್ಯಗಳು, ಎರಡು ಓಬೋ, ಎರಡು ಕೊಂಬು. ಆಗ ಲಂಡನ್ನಿನಲ್ಲಿದ್ದ ಜೆ.ಸಿ. ಬಾಖ್ ಮತ್ತು ಕಾರ್ಲ್ ಆಬೆಲ್ ಅವರ ಧಾಟಿ ಅದರಲ್ಲಿ ಢಾಳಾಗಿದೆ. ಚೆನ್ನಾಗಿ ಕಲಿತ ಹುಡುಗನ ಕೆಲಸ ಎನ್ನಬಹುದು. ನಡುವಿನ ನಿಧಾನ ಭಾಗ ಮಾತ್ರ ಅದಕ್ಕೂ ಮೀರಿದ್ದು.

ಆ ನಡುಭಾಗದಲ್ಲಿ ಕೊಂಬುಗಳು ನಾಲ್ಕು ಸ್ವರಗಳನ್ನು ಎಳೆದು ನುಡಿಸುತ್ತವೆ. ನಮ್ಮ ಲೆಕ್ಕದಲ್ಲಿ ಶಂಕರಾಭರಣದ ಸ-ರಿ-ಮ-ಗ. ಇದೇ ನಾಲ್ಕು ಸ್ವರಗಳಿಂದ ಮೊಜಾರ್ಟ್‌ನ ಕಟ್ಟಕಡೆಯ ಸಿಂಫನಿಯ, ಎಂದರೆ 1788ರ 'ಜೂಪಿಟರ್'ನ, ಕೊನೆಯ ಭಾಗ ಶುರುವಾಗುತ್ತದೆ. ಎಂಟರ ಹುಡುಗನಿಗೆ ಆಗಲೇ ಎಲ್ಲ ಹೊಳೆದಿತ್ತು ಎಂದು ಅನೇಕ ಕೇಳುಗರು ರೋಮಾಂಚನಗೊಳ್ಳುತ್ತಾರೆ. ಆದರೆ ಅದು ಚರ್ಚಿನ ಸಂಗೀತದಿಂದ ಬಂದ ಹಳೆಯ ತುಣುಕು. ಆ ಕಾಲದ ಎಷ್ಟೋ ಜನ ಬಳಸಿದ್ದರು.

ಇದಕ್ಕಿಂತ ಸೋಜಿಗದ ಸಂಗತಿ ಇನ್ನೊಂದಿದೆ. ಮೊಜಾರ್ಟ್‌ನ ಮೂರನೆಯ ಸಿಂಫನಿ ಎಂದು ಬಹುಕಾಲ ಎಣಿಕೆಯಾಗಿದ್ದ ಕೃತಿ ಅವನದಲ್ಲವೇ ಅಲ್ಲ. ಅದು ಮೇಲೆ ಹೇಳಿದ ಆಬೆಲ್‌ರದು. ಹುಡುಗ ಕಲಿಯಲೆಂದು ನಕಲು ಮಾಡಿಕೊಂಡಿದ್ದ. ಕೈಬರಹ ಅವನದೆಂದು ಕೃತಿಯನ್ನೂ ಅವನ ಲೆಕ್ಕಕ್ಕೇ ಬರೆದುಕೊಂಡರು. 1767ರ ಮೊದಲ ನಾಲ್ಕು ಪಿಯಾನೊ ಕಂಚೆರ್ಟೊಗಳೂ ಬೇರೆಯವರ ಸೊನಾಟಾಗಳಿಂದ ಹೊಂದಿಸಿಕೊಂಡವು. ಇದು ತಿಳಿದದ್ದು 20ನೇ ಶತಮಾನದಲ್ಲಿ. ಅಲ್ಲಿಯವರೆಗೆ ದೊಡ್ಡವರು ಬರೆದ ಸಂಗೀತವನ್ನೇ ಜನ ಮಗುವಿನದೆಂದು ಕೇಳಿದರು. ಸ್ವರಗಳು ಇದ್ದಲ್ಲೇ ಇದ್ದವು. ಬದಲಾದದ್ದು ಹೆಸರು ಮಾತ್ರ.

ಮಗು ಬೆಳೆದಾಗಲೂ ಕೇಳುಗರು ಹೀಗೆಯೇ ನಡೆದುಕೊಂಡರು. 1764ರ ಹೊಸ ವರ್ಷದ ದಿನ ವರ್ಸೈ ಅರಮನೆಯಲ್ಲಿ ಫ್ರಾನ್ಸಿನ ರಾಣಿ ತನ್ನ ಊಟದ ಮೇಜಿನಿಂದ ಅವನಿಗೆ ತಿನಿಸು ಕೊಟ್ಟಿದ್ದಳು. 1778ರಲ್ಲಿ ಅವನು ಮತ್ತೆ ಪ್ಯಾರಿಸ್ಸಿಗೆ ಬಂದಾಗ ವಯಸ್ಸು ಇಪ್ಪತ್ತೆರಡು. ಶಾಬೋ ಮನೆತನದ ಡಚೆಸ್ ಒಬ್ಬಳು ಬರಹೇಳಿ, ಬೆಂಕಿಯಿಲ್ಲದ ಕೊರೆಯುವ ಕೋಣೆಯಲ್ಲಿ ಅರ್ಧ ಗಂಟೆ ಕಾಯಿಸಿದಳು. ಬಂದವಳು ಮತ್ತು ಅವಳ ಅತಿಥಿಗಳು ಮೇಜಿನ ಸುತ್ತ ಚಿತ್ರ ಬರೆಯುತ್ತ ಕೂತರು. ಬೆರಳುಗಳು ಮರಗಟ್ಟಿದ್ದವು, ತಲೆ ಸಿಡಿಯುತ್ತಿತ್ತು, ಪಿಯಾನೊ ಹದಗೆಟ್ಟಿತ್ತು. ಅವನು ನುಡಿಸತೊಡಗಿದರೂ ಯಾರೂ ತಲೆಯೆತ್ತಲಿಲ್ಲ. ಗೋಡೆ-ಕುರ್ಚಿಗಳಿಗೆ ನುಡಿಸಿದಂತಾಯಿತು ಎಂದು ಅಪ್ಪನಿಗೆ ಕಾಗದ ಬರೆದ.

ಕೊನೆಗೆ ಡಚೆಸ್‌ಳ ಗಂಡ ಬಂದ. ಮೊಜಾರ್ಟ್‌ನ ಪಕ್ಕದಲ್ಲಿ ಕೂತು ಮನಸ್ಸಿಟ್ಟು ಕೇಳಿದ. ಚಳಿಯೂ ತಲೆನೋವೂ ತನಗೆ ಮರೆತೇಹೋದವು, ಅದೇ ಹದಗೆಟ್ಟ ಪಿಯಾನೊದ ಮೇಲೆ ನುಡಿಸಿದೆ ಎಂದು ಅದೇ ಕಾಗದದಲ್ಲಿದೆ.