ಕ್ಯಾಮರಾದ ಕಪ್ಪು ತೆರೆ

ಬೀದರ ಜಿಲ್ಲೆಯ ಕೊಡಂಬಲದಲ್ಲಿ ವೈಶಾಖದ ಬಿಸಿಲು ಬಲು ಪ್ರಖರವಾದುದು. ಆ ಬಿಸಿಲಿಗೆ ಮುಖಮಾಡಿ, ಮುಚ್ಚಳವಿಲ್ಲದೆ ಇರಿಸಿದ ಹಳೆಯ ಲೈಕಾದಂತಹ ಕ್ಯಾಮರಾಕ್ಕೆ ಆಪತ್ತು ತಪ್ಪಿದ್ದಲ್ಲ. ಮಸೂರವು ಸೂರ್ಯಕಿರಣಗಳನ್ನು ಒಂದೆಡೆ ಕೂಡಿಸಿ ಒಳಗಿನ ಬಟ್ಟೆಯ ತೆರೆಯನ್ನೇ ಸುಟ್ಟುಬಿಡಬಲ್ಲುದು.

1925ರಲ್ಲಿ ಮಾರುಕಟ್ಟೆಗೆ ಬಂದ ಜರ್ಮನಿಯ ಲೈಕಾದಲ್ಲಿಯೂ, 1948ರಲ್ಲಿ ತಯಾರಾಗತೊಡಗಿದ ರಷ್ಯದ ಜೋರ್ಕಿಯಲ್ಲಿಯೂ ರಬ್ಬರು ಲೇಪಿಸಿದ ಬಟ್ಟೆಯ ಎರಡು ತೆರೆಗಳುಂಟು. ಗುಂಡಿಯನ್ನೊತ್ತಿದೊಡನೆ ಮೊದಲನೆಯದು ಸರಿಯುತ್ತದೆ. ಎರಡನೆಯದು ಅದನ್ನು ಹಿಂಬಾಲಿಸುತ್ತದೆ. ನಡುವಣ ಸೀಳಿನಿಂದ ಫಿಲ್ಮಿಗೆ ಬೆಳಕು ತಾಗುತ್ತದೆ. ತೆರೆಯಲ್ಲಿ ಸೂಜಿಮೊನೆಯಷ್ಟು ರಂಧ್ರವಾದರೂ ಸಾಕು, ಚಿತ್ರದಲ್ಲಿ ಬಿಳಿಯ ಚುಕ್ಕೆ ಮೂಡುತ್ತದೆ. ಅದು ಮದುಮಗಳ ಮುಖದ ಮೇಲೆಯೇ ಬಿದ್ದರೆ, ಕಳೆದುಹೋದ ಮುಹೂರ್ತವನ್ನು ಮರಳಿ ಕರೆಯಲಾದೀತೆ?

ದೋಷವನ್ನು ಕಂಡುಹಿಡಿಯುವುದು ಸುಲಭ. ಕತ್ತಲೆ ಕೋಣೆಯಲ್ಲಿ ತೆರೆಯ ಒಂದು ಬದಿಗೆ ದೀಪವಿರಿಸಿ ಇನ್ನೊಂದು ಬದಿಯಿಂದ ನೋಡಿದರೆ ರಂಧ್ರಗಳು ನಕ್ಷತ್ರಗಳಂತೆ ಹೊಳೆಯುವುವು. ಅವು ಸಣ್ಣವಾದರೆ, ಒಣಗಿದ ಮೇಲೂ ಬಾಗುವಂತಹ ಕಪ್ಪು ರಬ್ಬರು ದ್ರವವನ್ನು ಸಣ್ಣ ಕುಂಚದಿಂದ ತೆಳುವಾಗಿ ಹಚ್ಚಬೇಕು. ದಪ್ಪವಾದರೆ ತೆರೆಯು ಉರುಳೆಗೆ ಸರಿಯಾಗಿ ಸುತ್ತಿಕೊಳ್ಳದೆ ಅದರ ವೇಗವೇ ಕೆಡುತ್ತದೆ.

ವಯಸ್ಸಾಗಿ ರಬ್ಬರು ಬಿರಿದಿದ್ದರೆ ತೇಪೆಯಿಂದ ಫಲವಿಲ್ಲ. ಹಳೆಯ ತೆರೆಯ ಅಳತೆಗೆ ಸರಿಯಾಗಿ ಹೊಸ ಬಟ್ಟೆಯನ್ನು ಕತ್ತರಿಸಿ, ಪಟ್ಟಿಗಳಿಗೂ ಉರುಳೆಗೂ ನೇರವಾಗಿ ಅಂಟಿಸಿ, ಸ್ಪ್ರಿಂಗಿನ ಬಿಗುವನ್ನು ಹೊಂದಿಸಬೇಕು. ಕೂದಲೆಳೆಯಷ್ಟು ಓರೆಯಾದರೂ ಚಿತ್ರದ ಒಂದು ಪಕ್ಕ ಮಸುಕಾದೀತು. ಇದು ಅನುಭವಿಯ ಕೈಗೇ ಒಪ್ಪಿಸತಕ್ಕ ಕೆಲಸ.

ಇಷ್ಟೆಲ್ಲ ಶ್ರಮವನ್ನು ತಪ್ಪಿಸುವ ಉಪಾಯವಾದರೋ ಅತಿ ಸರಳ. ಚಿತ್ರ ತೆಗೆದೊಡನೆ ಮುಚ್ಚಳ ಹಾಕಿದರಾಯಿತು.